ಚಿತ್ರವೂ ಸಾಥ್ ಕೊಡಲಿ

ವಿಜಯಪುರದ ಕಡೆ ಈಗ ದೊಡ್ಡ ಕಾರ್ಯಕ್ರಮವೆಂದರೆ ವೇದಿಕೆಯ ಹಿಂದೆ ಎಲ್‌ಇಡಿ ಪರದೆ ನಿಂತಿರುತ್ತದೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ, ಕಾಲೇಜಿನ ಗ್ಯಾದರಿಂಗ್, ತಿಕೋಟಾದ ಮದುವೆ, ಬಬಲೇಶ್ವರದ ಗಣಪತಿ ಮೆರವಣಿಗೆಯ ಡಿಜೆ ಗಾಡಿ, ಎಲ್ಲಿ ನೋಡಿದರೂ ಪರದೆಯ ಮೇಲೆ ಬಂಗಾರದ ಕಿರಣ ತಿರುಗುತ್ತದೆ, ಬಣ್ಣದ ಚುಕ್ಕೆಗಳು ಉದುರುತ್ತವೆ. ಹಾಡುವವರು ವಚನ ಹಾಡಲಿ, ಸಿನಿಮಾ ಹಾಡು ಹಾಡಲಿ, ಡೊಳ್ಳಿನವರು ಏರುಗತಿಗೆ ಹೋಗಲಿ, ಆ ಕಿರಣದ ವೇಗ ಬದಲಾಗುವುದಿಲ್ಲ. ಹಾಡು ಮುಗಿದು ಸತ್ಕಾರ ಸಮಾರಂಭ ಶುರುವಾದರೂ ಅದೇ ಕಿರಣ. ಯಾರೋ ಎಲ್ಲೋ ಮಾಡಿಟ್ಟ ಕೆಲವು ಸೆಕೆಂಡುಗಳ ವಿಡಿಯೊ ತುಂಡು ಅದು. ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಓಡುತ್ತದೆ. ಅದಕ್ಕೆ ಕಿವಿಯಿಲ್ಲ.

ಕಿವಿಯುಳ್ಳ ಚಿತ್ರ ಮಾಡುವ ವಿದ್ಯೆ ಇದೆ. ಅದಕ್ಕೆ ಲೈವ್ ಕೋಡಿಂಗ್ ಎನ್ನುತ್ತಾರೆ. ಸಂಗೀತ ನಡೆಯುತ್ತಿರುವಾಗಲೇ ಒಬ್ಬರು ಲ್ಯಾಪ್‌ಟಾಪ್ ಮುಂದೆ ಕುಳಿತು ಕೋಡ್ ಬರೆಯುತ್ತಾರೆ. ಬರೆದ ಸಾಲು ಆ ಕ್ಷಣವೇ ಪರದೆಯ ಮೇಲೆ ಚಿತ್ರವಾಗುತ್ತದೆ. ಮೈಕಿನಿಂದ ಒಳಬರುವ ಸದ್ದು ಆ ಚಿತ್ರವನ್ನು ಹಿಗ್ಗಿಸುತ್ತದೆ, ಕುಗ್ಗಿಸುತ್ತದೆ, ಬಣ್ಣ ಬದಲಿಸುತ್ತದೆ. ರಾಗ ಬದಲಾದರೆ, ಲಯ ಏರಿದರೆ ಕುಳಿತವರು ಕೋಡನ್ನೇ ತಿದ್ದುತ್ತಾರೆ. ಓಡುತ್ತಿರುವ ಚಿತ್ರ ನಿಲ್ಲುವುದಿಲ್ಲ, ಓಡುತ್ತಲೇ ಬೇರೆಯಾಗುತ್ತದೆ. ಇದು ಬೆಂಗಳೂರಿನ ಕ್ಲಬ್ಬುಗಳಿಗೆ ಸೇರಿದ ಹವ್ಯಾಸವೆಂದು ನಮ್ಮ ಹುಡುಗರು ಕೈಬಿಡಬಾರದು. ಸಂಗೀತವನ್ನು ಕಣ್ಣಿಗೆ ಕಾಣಿಸುವ ಹಂಬಲಕ್ಕೆ ಈ ಊರಿನಲ್ಲಿ ನಾಲ್ಕು ನೂರು ವರ್ಷಗಳ ಹಿಂದೆಯೇ ಅರಸರ ಆಶ್ರಯವಿತ್ತು.

ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ಅಥಣಿ ರಸ್ತೆಯಲ್ಲಿ ತೊರವಿ ಸಿಗುತ್ತದೆ. ಕನ್ನಡಿಗರಿಗೆ ಅದು ತೊರವೆ ರಾಮಾಯಣದ ಊರು. ಅದರ ಆಸುಪಾಸಿನಲ್ಲೇ ನವರಸಪುರದ ಅವಶೇಷಗಳಿವೆ, ಜನ ಸಂಗೀತ ಮಹಲ್, ನಾರಿ ಮಹಲ್ ಎಂದು ಕರೆಯುವ ಕಟ್ಟಡಗಳಿವೆ. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹಿ 1599ರಲ್ಲಿ ಸಂಗೀತದ ಹೆಸರಿನಲ್ಲೇ ಒಂದು ನಗರ ಕಟ್ಟಲು ಹೊರಟ ಜಾಗವಿದು. 1624ರಲ್ಲಿ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು. ನಗರ ಹೋಯಿತು, ಅರಸ ದಖನಿ ಭಾಷೆಯಲ್ಲಿ ರಚಿಸಿದ ‘ಕಿತಾಬ್-ಎ-ನವರಸ್’ ಉಳಿಯಿತು. ಸರಸ್ವತಿಯನ್ನೂ ಗಣಪತಿಯನ್ನೂ ನೆನೆಯುವ ಈ ಹಾಡುಗಳನ್ನು ರಾಗಗಳ ಹೆಸರಿನಡಿ ಜೋಡಿಸಲಾಗಿದೆ. ಅವುಗಳಲ್ಲಿ ಕೆಲವು ರಾಗಗಳನ್ನೇ ಮೈವೆತ್ತ ವ್ಯಕ್ತಿಗಳಂತೆ, ಉಡುಗೆ, ಬಣ್ಣ, ಆಭರಣಗಳ ಸಹಿತ ವರ್ಣಿಸುತ್ತವೆ. ಹಾಡೇ ಚಿತ್ರಕಾರನಿಗೆ ಅಪ್ಪಣೆ ಕೊಡುವ ಹಾಗೆ.

ರಾಗಮಾಲಾ ಚಿತ್ರಗಳು ಹುಟ್ಟಿದ್ದು ಇಂಥ ಕಲ್ಪನೆಯಿಂದ. ತೋಡಿ ಎಂದರೆ ವೀಣೆ ಹಿಡಿದ ಹೆಣ್ಣು, ಅವಳ ನಾದಕ್ಕೆ ಸೋತು ಬಂದ ಜಿಂಕೆ. ಆಸಾವರಿ ಎಂದರೆ ಹಾವುಗಳ ನಡುವೆ ಕುಳಿತವಳು. ಮೇಘ ಎಂದರೆ ಕವಿದ ಮೋಡ. ಮಹಮ್ಮದ್ ಆದಿಲ್‌ಶಾಹಿಯ ಹೆಸರಿನಲ್ಲಿ ಸಿದ್ಧವಾದ ಒಂದು ಸಂಗೀತ ಗ್ರಂಥ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ, ಅದರೊಳಗೂ ರಾಗಗಳ ಚಿತ್ರಗಳಿವೆ. ಗೋಳಗುಮ್ಮಟದೊಳಗೆ ಮಲಗಿರುವ ಅರಸನೇ ಈ ಮಹಮ್ಮದ್.

ಆ ಕಾಲದ ಚಿತ್ರಕಾರ ಮತ್ತು ಈ ಕಾಲದ ಕಂಪ್ಯೂಟರ್, ಇಬ್ಬರನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಚಿತ್ರಕಾರನಿಗೆ ರಾಗದ ರಸ ಗೊತ್ತಿತ್ತು. ಆದರೆ ಬಣ್ಣ ಒಣಗಿದ ಮೇಲೆ ಅವನ ಜಿಂಕೆ ನಿಂತಲ್ಲೇ ನಿಂತಿತು. ಇಂದು ಗಾಯಕಿ ತೋಡಿಯನ್ನು ಹೇಗೆ ಎತ್ತಿಕೊಂಡಳು, ಎಲ್ಲಿ ತಡೆದಳು ಎಂಬುದು ಅದಕ್ಕೆ ಮುಟ್ಟುವುದಿಲ್ಲ. ಕಂಪ್ಯೂಟರಿಗೆ ಪ್ರತಿಯೊಂದು ಪೆಟ್ಟೂ ಮುಟ್ಟುತ್ತದೆ, ಪ್ರತಿಯೊಂದು ಸ್ವರದ ಕಂಪನವೂ ಸಂಖ್ಯೆಯಾಗಿ ಸಿಗುತ್ತದೆ. ಆದರೆ ತೋಡಿ ಕರುಣೆಯೋ ಹಂಬಲವೋ ಅದಕ್ಕೆ ತಿಳಿಯದು. ಇಬ್ಬರ ನಡುವಿನ ಜಾಗ ಖಾಲಿಯಿದೆ. ಅಲ್ಲಿ ಒಬ್ಬ ರಸಿಕ ಕೂರಬೇಕು, ಕೈಕೆಳಗೆ ಕೀಲಿಮಣೆ ಇಟ್ಟುಕೊಂಡು. ತಬಲಾದವರು, ಹಾರ್ಮೋನಿಯಂದವರು ಗಾಯಕರಿಗೆ ಸಾಥ್ ಕೊಡುತ್ತಾರಲ್ಲ, ಚಿತ್ರದವನೂ ಹಾಗೆ ಸಾಥ್ ಕೊಡಬೇಕು. ನಾನು ಈ ಅಂಕಣದಲ್ಲಿ ಹೇಳಹೊರಟಿರುವುದು ಇಷ್ಟೇ. ಉಳಿದದ್ದು, ಆ ಸಾಥಿಗೆ ಏನೇನು ಗೊತ್ತಿರಬೇಕು ಎಂಬ ವಿವರ.

ಮೊದಲು ಕಂಪ್ಯೂಟರ್ ಹೇಗೆ ಕೇಳುತ್ತದೆ ನೋಡೋಣ. ಮೈಕಿಗೆ ತಾಗುವ ಗಾಳಿಯ ಒತ್ತಡವನ್ನು ಅದು ಸೆಕೆಂಡಿಗೆ 44,100 ಸಲ ಅಳೆಯುತ್ತದೆ. ಸಿಡಿಯ ಕಾಲದಿಂದ ಬಂದ ಲೆಕ್ಕವಿದು. ಹೀಗೆ ಬಂದ ಸಂಖ್ಯೆಗಳಲ್ಲಿ 1,024ನ್ನು ಒಟ್ಟು ಮಾಡಿ ಒಂದು ಕಂತಾಗಿ ತೆಗೆದುಕೊಂಡರೆ ಅದು ಸೆಕೆಂಡಿನ ಸಾವಿರದಲ್ಲಿ 23 ಪಾಲಿನಷ್ಟು ಸದ್ದು. ಅದರಲ್ಲಿ ಡೊಳ್ಳಿನ ಗುಮ್ಮೂ ತಾಳದ ಝಣವೂ ದನಿಯೂ ಕಲಸಿಹೋಗಿರುತ್ತವೆ. ಕಣದಲ್ಲಿ ಜೋಳವನ್ನು ಜರಡಿ ಹಿಡಿದು ಗಾತ್ರದ ಪ್ರಕಾರ ಬೇರೆ ಮಾಡುವಂತೆ, ಈ ಕಲಸಿದ ಸದ್ದನ್ನು ಕಂಪನದ ವೇಗದ ಪ್ರಕಾರ ಬೇರೆ ಮಾಡಬೇಕು. ಹಾಗೆ ಮಾಡಬಹುದೆಂಬ ಗಣಿತವನ್ನು ಫ್ರಾನ್ಸಿನ ಜೋಸೆಫ್ ಫೂರಿಯೆ 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ. ಅವನು ಹುಡುಕುತ್ತಿದ್ದುದು ಸಂಗೀತವನ್ನಲ್ಲ, ಶಾಖ ಹೇಗೆ ಹರಿಯುತ್ತದೆ ಎಂಬುದನ್ನು. ಸದ್ದನ್ನು ಬೇರೆ ಮಾಡುವ ಆ ಗಣಿತವನ್ನು ನೇರ ಲೆಕ್ಕ ಹಾಕಿದರೆ 1,024 ಸಂಖ್ಯೆಗಳಿಗೆ ಹತ್ತು ಲಕ್ಷಕ್ಕೂ ಮೀರಿ ಗುಣಾಕಾರ ಬೇಕು. 1965ರಲ್ಲಿ ಜೇಮ್ಸ್ ಕೂಲಿ ಮತ್ತು ಜಾನ್ ಟ್ಯೂಕಿ ತೋರಿಸಿದ ಉಪಾಯದಿಂದ ಆ ಕೆಲಸ ಹತ್ತು ಸಾವಿರದ ಆಸುಪಾಸಿಗೆ ಇಳಿಯಿತು. ಇದೇ ಎಫ್‌ಎಫ್‌ಟಿ. ಹಳೆಯ ಲ್ಯಾಪ್‌ಟಾಪ್ ಕೂಡ ಹಾಡಿನ ಜೊತೆಜೊತೆಗೇ ಅದನ್ನು ಮಾಡಿ ಮುಗಿಸಬಲ್ಲದು.

ಸೈಬರ್ ಕೆಫೆಗಳ ಕಾಲದವರು ಇದನ್ನು ನೋಡಿದ್ದಾರೆ. ವಿನ್ಯಾಂಪ್‌ನಲ್ಲಿ ಹಾಡು ಹಚ್ಚಿದರೆ ಹಸಿರು ಕಂಬಗಳು ಏರಿಳಿಯುತ್ತಿದ್ದವು. 2001ರಲ್ಲಿ ಬಂದ ಮಿಲ್ಕ್‌ಡ್ರಾಪ್ ಆ ಕಂಬಗಳ ಜಾಗದಲ್ಲಿ ಸುಳಿಗಳನ್ನೂ ಹೊಗೆಯನ್ನೂ ಹರಿಸಿತು. ಇನ್ನೂ ಹಿಂದಕ್ಕೆ ಹೋದರೆ, ಬೀಳಗಿಯ ಅಮೀರಬಾಯಿ ಕರ್ನಾಟಕಿಯವರ ಹೆಸರು ಹೊತ್ತ ಅಮೀರ್ ಟಾಕೀಸಿನಂಥ ಚಿತ್ರಮಂದಿರಗಳಲ್ಲಿ ಓಡುತ್ತಿದ್ದ ರೀಲುಗಳ ಅಂಚಿನಲ್ಲಿ ಸದ್ದೇ ಬೆಳಕು–ನೆರಳಿನ ಪಟ್ಟಿಯಾಗಿ ಅಚ್ಚಾಗಿರುತ್ತಿತ್ತು. ಪ್ರೊಜೆಕ್ಟರಿನ ಒಂದು ಪುಟ್ಟ ದೀಪ ಆ ಪಟ್ಟಿಯನ್ನು ಓದಿ ಮತ್ತೆ ಹಾಡು ಮಾಡುತ್ತಿತ್ತು. ನಾದಕ್ಕೆ ಬೆಳಕಿನ ರೂಪ ಕೊಡುವುದು ಹೊಸದಲ್ಲ. ಹಾಡುತ್ತಿರುವಾಗಲೇ ಆ ರೂಪವನ್ನು ತಿದ್ದಬಹುದು ಎಂಬುದು ಹೊಸದು.

ಈಗ ಒಂದು ತೊಡಕಿಗೆ ಬರಬೇಕು. ಯಂತ್ರದ ಕಿವಿಯ ಮಿತಿ ಅಲ್ಲೇ ಗೊತ್ತಾಗುವುದು. 1,024 ಸಂಖ್ಯೆಗಳ ಕಂತಿನಲ್ಲಿ ಜರಡಿಯ ಒಂದೊಂದು ಕಣ್ಣೂ ಸುಮಾರು 43 ಹರ್ಟ್ಜ್ ಅಗಲವಿರುತ್ತದೆ. ಗಾಯಕರೊಬ್ಬರ ಷಡ್ಜ 138 ಹರ್ಟ್ಜ್ ಎಂದಿಟ್ಟುಕೊಳ್ಳಿ. ಅವರ ಕೋಮಲ ರಿಷಭ ಸುಮಾರು 147ಕ್ಕೆ ನಿಲ್ಲುತ್ತದೆ. ನಡುವಿನ ಅಂತರ ಒಂಬತ್ತು ಹರ್ಟ್ಜ್ ಮಾತ್ರ. ಎರಡೂ ಒಂದೇ ಕಣ್ಣಿನಲ್ಲಿ ಬೀಳುತ್ತವೆ. ತೋಡಿಯ ಜೀವವೇ ಅಡಗಿರುವ ಆ ಕೋಮಲ ರಿಷಭ ಕಂಪ್ಯೂಟರಿಗೆ ಷಡ್ಜವಾಗಿಯೇ ಕಾಣುತ್ತದೆ. ಜರಡಿಯನ್ನು ಸಣ್ಣ ಮಾಡಬೇಕಾದರೆ ಕಂತನ್ನು ಉದ್ದ ಮಾಡಬೇಕು. 8,192 ಸಂಖ್ಯೆ ತೆಗೆದುಕೊಂಡರೆ ಕಣ್ಣಿನ ಅಗಲ ಐದೂವರೆ ಹರ್ಟ್ಜಿಗೆ ಇಳಿಯುತ್ತದೆ, ಸ್ವರಗಳು ಬೇರೆಯಾಗುತ್ತವೆ. ಆದರೆ ಅಷ್ಟು ಸಂಖ್ಯೆ ಕೂಡಲು ಸೆಕೆಂಡಿನ ಐದನೇ ಒಂದು ಪಾಲಿನ ಹತ್ತಿರ ಸಮಯ ಬೇಕು. ಅಷ್ಟರಲ್ಲಿ ತಬಲಾದವರು ದ್ರುತ್‌ನಲ್ಲಿ ಒಂದೆರಡು ಬೋಲು ನುಡಿಸಿ ಮುಂದೆ ಹೋಗಿರುತ್ತಾರೆ. ಸ್ವರವನ್ನು ಸರಿಯಾಗಿ ಹಿಡಿಯಹೋದರೆ ಪೆಟ್ಟು ತಪ್ಪುತ್ತದೆ, ಪೆಟ್ಟು ಹಿಡಿಯಹೋದರೆ ಸ್ವರ ಕಲಸುತ್ತದೆ. ಗಣಿತದೊಳಗೇ ಇರುವ ಈ ಕಟ್ಟು ದುಬಾರಿ ಯಂತ್ರ ತಂದರೂ ಸಡಿಲವಾಗದು. ಹಾಗಾಗಿ ಇವತ್ತಿನ ಕಛೇರಿಗೆ ಯಾವ ಕಿವಿ ಬೇಕು ಎಂದು ಮನುಷ್ಯನೇ ತೀರ್ಮಾನಿಸಬೇಕು. ಬಲ್ಲವರು ಎರಡು ಕಿವಿ ಇಡುತ್ತಾರೆ. ಪೆಟ್ಟಿಗೆ ಚಿಕ್ಕ ಕಂತು, ಸ್ವರಕ್ಕೆ ಉದ್ದ ಕಂತು.

ತಡದ ಮಾತು ಬಂದದ್ದರಿಂದ ಗೋಳಗುಮ್ಮಟದ ಒಳಗೆ ಹೋಗೋಣ. ಪಿಸುಗುಟ್ಟುವ ಮೊಗಸಾಲೆಯಲ್ಲಿ ನಿಂತು ಎದುರು ಬದಿಯವರ ಚಪ್ಪಾಳೆ ಗಮನಿಸಿ. ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ನಮ್ಮ ಸೆಕೆಯ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಹೆಚ್ಚುಕಡಿಮೆ 345 ಮೀಟರ್ ಹೋಗುತ್ತದೆ. ಕೈ ಕೂಡಿದ್ದು ಕಂಡ ಮೇಲೆ ಸೆಕೆಂಡಿನ ಹತ್ತನೇ ಒಂದು ಪಾಲು ಕಳೆದು ಸದ್ದು ಬರುತ್ತದೆ. ಈ ಅಂತರ ನಮಗೆ ಗೊತ್ತಾಗುತ್ತದೆ. ವೇದಿಕೆಯ ಚಿತ್ರದಲ್ಲೂ ಇಂಥದ್ದೇ ಅಂತರವಿದೆ, ದಿಕ್ಕು ಮಾತ್ರ ತಿರುಗುಮುರುಗು. ಮೈಕಿನಿಂದ ಕಂತು ತುಂಬಲು 23 ಮಿಲಿಸೆಕೆಂಡ್, ಒಂದು ಚಿತ್ರ ಬಿಡಿಸಲು 17 ಮಿಲಿಸೆಕೆಂಡ್, ಒಟ್ಟು 40. ಅಷ್ಟರಲ್ಲಿ ಸದ್ದು ಗಾಳಿಯಲ್ಲಿ ಸುಮಾರು 14 ಮೀಟರ್ ಸಾಗಿರುತ್ತದೆ. ವೇದಿಕೆಯಿಂದ 14 ಮೀಟರ್ ದೂರ ಕುಳಿತವರಿಗೆ ಡೊಳ್ಳಿನ ಪೆಟ್ಟೂ ಪರದೆಯ ಮಿಂಚೂ ಒಟ್ಟಿಗೆ ಮುಟ್ಟುತ್ತವೆ. ಮುಂದಿನ ಸಾಲಿನವರಿಗೆ ಚಿತ್ರ ಕೊಂಚ ತಡ, ಮೈದಾನದ ಹಿಂದಿನವರಿಗೆ ಕೊಂಚ ಮುಂಚೆ. ಪರದೆಯ ಯಂತ್ರಗಳು ತಮ್ಮ ಪಾಲಿನ ತಡವನ್ನೂ ಸೇರಿಸುತ್ತವೆ. ಅದಕ್ಕೇ ಕಾರ್ಯಕ್ರಮಕ್ಕೆ ಮುಂಚೆ ಮೈದಾನದ ನಡುವೆ ನಿಂತು ಒಮ್ಮೆ ಡೊಳ್ಳು ಬಾರಿಸಿ ನೋಡಬೇಕು.

ಇನ್ನು ಬಿಡಿಸುವ ಕೆಲಸ. ಒಂದು ಸಾಮಾನ್ಯ ಪರದೆಯಲ್ಲಿ 1,920 ಅಡ್ಡ, 1,080 ಉದ್ದ, ಒಟ್ಟು 20,73,600 ಚುಕ್ಕೆಗಳು. ಸೆಕೆಂಡಿಗೆ 60 ಸಲ ಎಲ್ಲಕ್ಕೂ ಬಣ್ಣ ಹೇಳಬೇಕು, ಅಂದರೆ ಹನ್ನೆರಡು ಕೋಟಿಗೂ ಮೀರಿ. ಕಂಪ್ಯೂಟರಿನ ಗ್ರಾಫಿಕ್ಸ್ ಭಾಗ ಈ ಕೆಲಸವನ್ನು ಸಾಲಾಗಿ ಮಾಡುವುದಿಲ್ಲ. ಒಂದೇ ಪುಟ್ಟ ಸೂತ್ರವನ್ನು ಎಲ್ಲ ಚುಕ್ಕೆಗಳಿಗೂ ಕೊಟ್ಟು, ‘ನೀನಿರುವ ಜಾಗ ಇದು, ಈಗಿನ ಸಮಯ ಇದು, ಈಗಿನ ಸದ್ದು ಇಷ್ಟು, ನಿನ್ನ ಬಣ್ಣ ನೀನೇ ಲೆಕ್ಕ ಹಾಕಿಕೋ’ ಎನ್ನುತ್ತದೆ. ಆ ಪುಟ್ಟ ಸೂತ್ರಕ್ಕೆ ಶೇಡರ್ ಎಂದು ಹೆಸರು.

ಶೇಡರನ್ನು ಮೊದಲಿನಿಂದ ಬರೆಯುವುದು ಕಷ್ಟ. ಆ ಕಷ್ಟವನ್ನು ಬಹುಪಾಲು ಇಳಿಸಿದವರು ಒಲಿವಿಯಾ ಜ್ಯಾಕ್. ಅವರು ರೂಪಿಸಿದ ಹೈಡ್ರಾ ಎಂಬ ತಂತ್ರಾಂಶ ಬ್ರೌಸರಿನಲ್ಲೇ ಓಡುತ್ತದೆ, ದುಡ್ಡಿಲ್ಲ, ಮೂಲಕೋಡ್ ಎಲ್ಲರಿಗೂ ಮುಕ್ತ. ಅದರಲ್ಲಿ ‘ಆಸ್ಕ್’ ಎಂದು ಬರೆದರೆ ಪರದೆ ತುಂಬ ಪಟ್ಟೆಗಳು ಬರುತ್ತವೆ. ಚುಕ್ಕಿಯಿಟ್ಟು ‘ರೊಟೇಟ್’ ಎಂದರೆ ಅವು ತಿರುಗುತ್ತವೆ, ಮತ್ತೆ ಚುಕ್ಕಿಯಿಟ್ಟು ‘ಕೆಲೈಡ್’ ಎಂದು ಎಂಟರ ಅಂಕಿ ಕೊಟ್ಟರೆ ಎಂಟು ಮೂಲೆಯ ಹೂವಾಗುತ್ತವೆ. ಕೊನೆಗೆ ‘ಔಟ್’. ಒಂದರ ಬಾಲಕ್ಕೆ ಇನ್ನೊಂದನ್ನು ಪೋಣಿಸುತ್ತ ಹೋಗುವುದಷ್ಟೇ.

ನಮ್ಮ ಊರಿನದೇ ಉದಾಹರಣೆ ಬೇಕೆಂದರೆ ಗೋಳಗುಮ್ಮಟದ ಕಟ್ಟೋಣವನ್ನು ತೆಗೆದುಕೊಳ್ಳಿ. ಚೌಕ ಕೋಣೆಯ ಮೇಲೆ ದುಂಡು ಗುಮ್ಮಟ ನಿಲ್ಲಿಸಬೇಕಾಗಿತ್ತು. ಒಂದು ಚೌಕದ ಮೇಲೆ ಅದೇ ಅಳತೆಯ ಇನ್ನೊಂದು ಚೌಕವನ್ನು 45 ಡಿಗ್ರಿ ತಿರುಗಿಸಿ ಇಟ್ಟಂತೆ ಕಮಾನುಗಳನ್ನು ಒಂದರೊಳಗೊಂದು ಹಾಯಿಸಿದರು. ಎಂಟು ಮೂಲೆಯ ನಕ್ಷತ್ರ ಮೂಡಿತು, ಅದರ ಮೇಲೆ ವೃತ್ತ ಕೂತಿತು. ಹೈಡ್ರಾದಲ್ಲಿ ಇದು ಒಂದೇ ಸಾಲು. ‘ಶೇಪ್’ ಎಂದು ನಾಲ್ಕರ ಅಂಕಿ ಕೊಟ್ಟರೆ ಚೌಕ ಬರುತ್ತದೆ. ‘ಆ್ಯಡ್’ ಎಂದು ಅದಕ್ಕೆ ಮತ್ತೊಂದು ಚೌಕ ಕೂಡಿಸಿ, ಅದನ್ನು 0.785ರಷ್ಟು ತಿರುಗಿಸಿದರೆ ಆಯಿತು. ಹೈಡ್ರಾ ಕೋನವನ್ನು ರೇಡಿಯನ್ನಿನಲ್ಲಿ ಅಳೆಯುವುದರಿಂದ 45 ಡಿಗ್ರಿ ಅಲ್ಲಿ 0.785 ಆಗುತ್ತದೆ. ಆ ಅಂಕಿಯ ಜಾಗದಲ್ಲಿ ಸದ್ದಿನ ಮಟ್ಟವನ್ನು ಇಟ್ಟರೆ, ದನಿ ಏರಿದಾಗ ಎರಡನೇ ಚೌಕ ತಿರುಗಿ ನಕ್ಷತ್ರ ಬಿರಿಯುತ್ತದೆ, ದನಿ ಇಳಿದಾಗ ಮತ್ತೆ ಚೌಕದೊಳಗೆ ಅಡಗುತ್ತದೆ. ಹತ್ತನೇ ತರಗತಿಯ ಮಕ್ಕಳಿಗೆ ಜ್ಯಾಮಿತಿಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ದಾರಿ ನನಗೆ ಗೊತ್ತಿಲ್ಲ.

ಲೈವ್ ಕೋಡಿಂಗ್ ಮಾಡುವವರು ಪಾಲಿಸುವ ಒಂದು ನೇಮ ನನಗೆ ತುಂಬ ಹಿಡಿಸುತ್ತದೆ. 2004ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಒಟ್ಟುಗೂಡಿ ಟಾಪ್‌ಲ್ಯಾಪ್ ಎಂಬ ಬಳಗ ಕಟ್ಟಿದ ಕಲಾವಿದರು, ಬರೆಯುವವರ ಪರದೆಯನ್ನು ಪ್ರೇಕ್ಷಕರಿಗೆ ತೋರಿಸಲೇಬೇಕು ಎಂದು ಗೊತ್ತು ಮಾಡಿಕೊಂಡರು. ಚಿತ್ರದ ಮೇಲೆಯೇ ಕೋಡಿನ ಸಾಲುಗಳು ಕಾಣುತ್ತವೆ, ಬರೆಯುವುದು, ಅಳಿಸುವುದು, ತಪ್ಪುವುದು ಎಲ್ಲವೂ ಬಯಲು. 2012ರಿಂದ ಇಂಥ ಕೋಡಿಗೆ ಜನ ಕುಣಿಯುವ ಕೂಟಗಳು ಇಂಗ್ಲೆಂಡಿನಲ್ಲಿ ಅಲ್ಗೊರೇವ್ ಎಂಬ ಹೆಸರಿನಲ್ಲಿ ಶುರುವಾಗಿ ಊರೂರಿಗೆ ಹಬ್ಬಿದವು. ಪರದೆಯ ಮೇಲೆ ಅಕ್ಷರ ತುಂಬಿದರೆ ಚಿತ್ರ ಕೆಡುವುದಿಲ್ಲವೇ ಎಂದು ಕೇಳುವವರು ಇಬ್ರಾಹಿಂ ರೋಜಾಕ್ಕೆ ಹೋಗಿ ಕಿಟಕಿಗಳನ್ನು ನೋಡಬೇಕು. ಅಲ್ಲಿನ ಕಲ್ಲಿನ ಜಾಲಂಧ್ರಗಳಲ್ಲಿ ಕೊರೆದಿರುವುದು ಹೂಬಳ್ಳಿ ಮಾತ್ರವಲ್ಲ, ಅರಬ್ಬಿ ಅಕ್ಷರಗಳು. ಒಳಗೆ ಬೆಳಕು ಬರುವುದು ಬರಹದ ಸಂದುಗಳ ಮೂಲಕವೇ. ಓದಲು ಬಾರದವರಿಗೂ ಅದು ಬೆಳಕು, ಓದಲು ಬಂದವರಿಗೆ ಬರಹವೂ ಹೌದು.

ಓದಲು ಬರುವಂತೆ ಮಾಡುವುದು ನಮ್ಮ ಕೈಯಲ್ಲಿದೆ. ಹೈಡ್ರಾ ನಿಂತಿರುವುದು ಜಾವಾಸ್ಕ್ರಿಪ್ಟ್ ಭಾಷೆಯ ಮೇಲೆ. ಆ ಭಾಷೆಯ ಆಜ್ಞೆಗಳು ಇಂಗ್ಲಿಷಿನವಾದರೂ, ನಾವು ಇಟ್ಟುಕೊಳ್ಳುವ ಹೆಸರುಗಳು ಕನ್ನಡ ಲಿಪಿಯಲ್ಲಿರಲು ಅಡ್ಡಿಯಿಲ್ಲ. ಕೆಳಗಿನ ಕಂಪನಗಳ ಮಟ್ಟಕ್ಕೆ ‘ಡೊಳ್ಳು’ ಎಂದೂ ಮೇಲಿನದಕ್ಕೆ ‘ತಾಳ’ ಎಂದೂ ಕನ್ನಡದಲ್ಲೇ ಹೆಸರಿಟ್ಟು ಮುಂದಿನ ಸಾಲುಗಳಲ್ಲಿ ಅವನ್ನೇ ಬಳಸಬಹುದು. ಪರದೆಯ ಮೇಲೆ ‘ಡೊಳ್ಳು’ ಎಂಬ ಶಬ್ದ ಕಂಡು, ಅದರ ಮುಂದಿನ ಅಂಕಿ ಬದಲಾದ ಕೂಡಲೇ ನಕ್ಷತ್ರ ದೊಡ್ಡದಾದರೆ, ತಿಕೋಟಾದ ದ್ರಾಕ್ಷಿ ಬೆಳೆಗಾರನಿಗೂ ಏನು ನಡೆಯುತ್ತಿದೆ ಎಂದು ತಿಳಿಯುತ್ತದೆ.

ಆದರೆ ಸಿದ್ಧ ಉಪಕರಣಗಳನ್ನು ತಂದು ಹಾಗೆಯೇ ನಮ್ಮ ಸಂಗೀತಕ್ಕೆ ಹಚ್ಚಿದರೆ ಕೆಡುತ್ತದೆ. ಅವು ಹೆಚ್ಚಾಗಿ ಹುಟ್ಟಿದ್ದು ಪಾಶ್ಚಾತ್ಯ ಕುಣಿತದ ಸಂಗೀತದ ಜೊತೆ. ಅಲ್ಲಿ ತಳದ ಡ್ರಮ್ಮು ಸಮಸಮವಾಗಿ ಬಡಿಯುತ್ತದೆ, ಕೆಳಗಿನ ಕಂಪನ ಹಿಡಿದರೆ ತಾಳ ಸಿಕ್ಕಿತು. ಹೈಡ್ರಾ ತಾನಾಗಿ ಕೇಳುವಾಗ ಸದ್ದನ್ನು ನಾಲ್ಕು ಪಾಲು ಮಾತ್ರ ಮಾಡುತ್ತದೆ. ಡೊಳ್ಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಹಿಂದೂಸ್ತಾನಿ ಕಛೇರಿಗೆ ಹೊಂದುವುದಿಲ್ಲ. ಏಕೆಂದರೆ ತಂಬೂರಿ ಜರಡಿಯ ಎಲ್ಲ ಕಣ್ಣುಗಳನ್ನೂ ಸದಾ ತುಂಬಿಟ್ಟಿರುತ್ತದೆ. ಗಾಯಕರು ಬಾಯಿ ತೆರೆಯುವ ಮೊದಲೇ ಪರದೆ ಬೆಳಗಿ ನಿಲ್ಲುತ್ತದೆ, ಬಾಯಿ ತೆರೆದ ಮೇಲೂ ಹೆಚ್ಚು ಬದಲಾಗುವುದಿಲ್ಲ. ಇದಕ್ಕೆ ಮದ್ದು ಇದೆ. ಹಿಂದಿನ ಕೆಲವು ಸೆಕೆಂಡುಗಳ ಸರಾಸರಿಯನ್ನು ನೆನಪಿಟ್ಟು ಈಗಿನದರಿಂದ ಕಳೆಯಬೇಕು. ಸದಾ ಇರುವುದು ಮರೆಗೆ ಸರಿದು ಹೊಸದಾಗಿ ಬಂದದ್ದಷ್ಟೇ ಉಳಿಯುತ್ತದೆ. ಮೀಂಡಿಗಂತೂ ಕಂಬಗಳ ಚಿತ್ರ ಪ್ರಯೋಜನವಿಲ್ಲ. ಜಾರುವ ದನಿಗೆ ಜಾರುವ ಗೆರೆಯೇ ಬೇಕು, ಅದಕ್ಕೆ ದನಿಯ ಶ್ರುತಿಯನ್ನು ಬೆನ್ನು ಹತ್ತುವ ಬೇರೆ ಕೋಡ್ ಬೇಕು.

ಎಲ್ಲಕ್ಕಿಂತ ಕಷ್ಟದ್ದು ಸಮ್, ಅಂದರೆ ತಾಳದ ಆವರ್ತನದ ಮೊದಲ ಪೆಟ್ಟು. ಕಿರಾಣಾ ಘರಾಣೆಯ ಗಾಯಕರು ವಿಲಂಬಿತ ಏಕತಾಲದಲ್ಲಿ ಬಡಾ ಖಯಾಲ್ ಹಿಡಿದರೆ ಒಂದೊಂದು ಮಾತ್ರೆಗೂ ನಾಲ್ಕೈದು ಸೆಕೆಂಡ್, ಹನ್ನೆರಡು ಮಾತ್ರೆಯ ಆವರ್ತನಕ್ಕೆ ಹೆಚ್ಚುಕಡಿಮೆ ಒಂದು ನಿಮಿಷ. ಸೆಕೆಂಡಿನ ಸಾವಿರದಲ್ಲಿ 23 ಪಾಲನ್ನು ಮಾತ್ರ ಕೇಳುವ ಯಂತ್ರಕ್ಕೆ ಆ ಒಂದು ನಿಮಿಷದ ಕಾಯುವಿಕೆ ಗೊತ್ತೇ ಆಗುವುದಿಲ್ಲ. ಸಭೆಯಲ್ಲಿ ಕುಳಿತ ಹಿರಿಯರು ಮುಖಡಾ ಬರುವುದನ್ನು ದೂರದಿಂದಲೇ ಕಂಡು ತಲೆದೂಗಲು ಸಿದ್ಧರಾಗುತ್ತಾರಲ್ಲ, ಆ ಅರಿವು ಎಫ್‌ಎಫ್‌ಟಿಯಲ್ಲಿಲ್ಲ. ಇಲ್ಲಿ ಉಪಯೋಗಕ್ಕೆ ಬರುವುದು ಇಂಗ್ಲೆಂಡಿನ ಅಲೆಕ್ಸ್ ಮೆಕ್ಲೀನ್ ರೂಪಿಸಿದ ಟೈಡಲ್ ಮತ್ತು ಅದರ ಬ್ರೌಸರ್ ರೂಪವಾದ ಸ್ಟ್ರೂಡೆಲ್. ಅವುಗಳಲ್ಲಿ ಕಾಲವನ್ನು ಎಣಿಸುವುದೇ ಆವರ್ತನದ ಲೆಕ್ಕದಲ್ಲಿ. ಒಂದು ಆವರ್ತನದೊಳಗೆ ಹತ್ತು ಇಟ್ಟರೆ ಹತ್ತು ಸಮಪಾಲು, ಏಳು ಇಟ್ಟರೆ ಏಳು. ಝಪ್‌ತಾಲದ ಎರಡು–ಮೂರು–ಎರಡು–ಮೂರು ವಿಭಾಗವನ್ನು ನೇರವಾಗಿ ಬರೆಯಬಹುದು. ಗಾಯಕರ ಲಯ ಗಡಿಯಾರದಂತೆ ನಡೆಯದ ಕಾರಣ, ಪ್ರತಿ ಸಮ್‌ಗೆ ಒಂದು ಕೀಲಿ ಒತ್ತಿ ಕಂಪ್ಯೂಟರಿನ ಆವರ್ತನವನ್ನು ಸರಿಪಡಿಸಬೇಕು. ಆ ಕೀಲಿ ಒತ್ತುವವರಿಗೆ ತಾಳ ಗೊತ್ತಿರಬೇಕು. ಕೋಡ್ ಗೊತ್ತಿದ್ದರೆ ಸಾಲದು.

ಯಂತ್ರ ಹೆಣೆದದ್ದನ್ನು ಬಲ್ಲವರ ಕಿವಿ ಒರೆಗೆ ಹಚ್ಚಬೇಕು ಎಂಬ ಈ ಪಾಠಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ನಿದರ್ಶನವಿದೆ. 1980ರ ದಶಕದ ಆರಂಭದಲ್ಲಿ ಸಂಗೀತ ಸಂಶೋಧಕ ಜೇಮ್ಸ್ ಕಿಪ್ಪೆನ್ ಲಖನೌದ ತಬಲಾ ಉಸ್ತಾದ್ ಆಫಾಕ್ ಹುಸೇನ್ ಖಾನರ ಬಳಿ ಕಲಿಯುತ್ತಿದ್ದರು. ಕಾಯದಾ ಎಂಬ ರಚನೆಯ ಬೋಲುಗಳು ಒಂದು ವ್ಯಾಕರಣದಂತೆ ಕೂಡುತ್ತವೆ ಎಂದು ಕಂಡ ಅವರ ಜೊತೆ ಬರ್ನಾರ್ಡ್ ಬೆಲ್ ಬೋಲ್ ಪ್ರೊಸೆಸರ್ ಎಂಬ ತಂತ್ರಾಂಶ ರಚಿಸಿದರು. ಯಂತ್ರ ಹೊಸ ಪಲ್ಟಾಗಳನ್ನು ಹೆಣೆಯುತ್ತಿತ್ತು. ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ತಬಲಾ ಬಲ್ಲವರು ಹೇಳುತ್ತಿದ್ದರು, ಅದರಂತೆ ವ್ಯಾಕರಣವನ್ನು ತಿದ್ದಲಾಗುತ್ತಿತ್ತು. ನಮ್ಮ ಬೆಂಗಳೂರಿನ ಮೃದಂಗ ವಿದ್ವಾಂಸ ಬಿ.ಸಿ. ಮಂಜುನಾಥ್ ಫಿಬೊನಾಚಿ ಸರಣಿಯ ಅಂಕಿಗಳನ್ನು ಕೊನ್ನಕೋಲಿನಲ್ಲಿ ನುಡಿದ ವಿಡಿಯೊ ಜಗತ್ತೆಲ್ಲ ಓಡಾಡಿತು. ಲೆಕ್ಕವೂ ಲಯವೂ ಒಂದೇ ನಾಲಿಗೆಯಲ್ಲಿ ಕೂಡುವುದನ್ನು ನೋಡಬೇಕೆಂದರೆ ಅದನ್ನು ನೋಡಬೇಕು.

ಜನಪದದ ಕಡೆ ಬಂದರೆ ಕೆಲಸ ಇನ್ನೂ ರುಚಿಕರ. ಕರಡಿ ಮಜಲು ಬಯಲಲ್ಲಿ ನಡೆಯುವಾಗ ಅದರ ಅಬ್ಬರಕ್ಕೆ ಮೈಕು ತುಂಬಿ ತುಳುಕುತ್ತದೆ. ಮಟ್ಟ ತುದಿ ಮುಟ್ಟಿ ಅಲ್ಲೇ ನಿಂತರೆ ಪರದೆಯೂ ಬೆಳ್ಳಗಾಗಿ ನಿಲ್ಲುತ್ತದೆ. ಎಲ್ಲರ ಮುಂದೆ ಒಂದೇ ಮೈಕು ಇಡದೆ ಕರಡಿ ವಾದ್ಯಕ್ಕೆ ಒಂದು, ಸನಾದಿಗೆ ಒಂದು ಇಟ್ಟು, ಒಂದರಿಂದ ಆಕಾರ, ಇನ್ನೊಂದರಿಂದ ಬಣ್ಣ ನಡೆಸಬೇಕು. ಮೊಹರಂನ ರಿವಾಯತ್ ಪದಗಳಲ್ಲಿ ಒಬ್ಬರು ಎತ್ತಿಕೊಟ್ಟ ಸೊಲ್ಲನ್ನು ಮೇಳ ಹಿಡಿಯುತ್ತದೆ. ಒಂಟಿ ದನಿಗೆ ಒಂದು ಗೆರೆ, ಮೇಳ ಕೂಡಿದಾಗ ಹತ್ತಾರು ಗೆರೆ ಎಂದು ಮಾಡಿದರೆ ಆ ಪದದ ಕಟ್ಟೇ ಕಣ್ಣಿಗೆ ಬರುತ್ತದೆ. ಎಷ್ಟು ಜನ ಹಾಡುತ್ತಿದ್ದಾರೆಂದು ಯಂತ್ರ ನಂಬುವಂತೆ ಎಣಿಸಲಾರದು. ಅದನ್ನೂ ಕುಳಿತವರೇ ಕೀಲಿ ಒತ್ತಿ ಹೇಳಬೇಕು, ಮೇಳ ಯಾವಾಗ ಹಿಡಿಯುತ್ತದೆಂದು ಪದ ಬಲ್ಲವರಿಗೆ ಮೊದಲೇ ಗೊತ್ತಿರುತ್ತದೆ.

ಸಂಗೀತವನ್ನು ಕಣ್ಣು ಮುಚ್ಚಿ ಕೇಳಬೇಕು, ಚಿತ್ರ ಏಕೆ ಎಂದು ಹಿರಿಯರು ಕೇಳಿದರೆ ಅವರ ಮಾತಿನಲ್ಲಿ ಹುರುಳಿದೆ. ಐವತ್ತು ಜನರ ಬೈಠಕ್ಕಿನಲ್ಲಿ ಆಲಾಪ ನಡೆಯುವಾಗ ಪರದೆಯನ್ನು ಕಪ್ಪಾಗಿಯೇ ಬಿಡಬೇಕು. ಕಪ್ಪು ಬಿಡುವುದೂ ಸಾಥಿನ ಭಾಗ, ಒಳ್ಳೆಯ ತಬಲಾದವರು ಎಲ್ಲಿ ಸುಮ್ಮನಿರಬೇಕೆಂದು ಬಲ್ಲರು. ನಾನು ಹೇಳುತ್ತಿರುವುದು ಪರದೆ ಈಗಾಗಲೇ ಬಂದು ನಿಂತಿರುವ ವೇದಿಕೆಗಳ ಬಗ್ಗೆ. ಅಲ್ಲಿ ಪರದೆ ಇದ್ದೇ ಇರುತ್ತದೆ ಎಂದ ಮೇಲೆ ಅದು ಹಾಡಿಗೆ ಕಿವಿಗೊಡಲಿ.

ಎಚ್ಚರ ತಪ್ಪಬಾರದ ಸಂಗತಿಯೂ ಒಂದಿದೆ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಇಡೀ ಪರದೆ ಮಿಂಚಿ ಆರುವಂತೆ ಎಂದೂ ಬರೆಯಕೂಡದು. ಬೆಳಕಿನ ಮಿನುಗಿಗೆ ಅಪಸ್ಮಾರ ಕೆರಳುವವರು ಸಭೆಯಲ್ಲಿರಬಹುದು. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಟಿವಿಯ ಪೋಕೆಮಾನ್ ಕಾರ್ಯಕ್ರಮದ ಒಂದು ಮಿಂಚಿನ ದೃಶ್ಯದಿಂದ ನೂರಾರು ಮಕ್ಕಳನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಮೆರವಣಿಗೆಯ ಡಿಜೆ ಗಾಡಿಯ ಮುಂದೆ ಹೆಗಲ ಮೇಲೆ ಕೂಸುಗಳನ್ನು ಹೊತ್ತು ನಿಲ್ಲುವವರಿರುತ್ತಾರೆ. ಕೋಡಿನಲ್ಲಿ ಇದಕ್ಕೊಂದು ಮಿತಿ ಹಾಕುವುದು ಒಂದೆರಡು ಸಾಲಿನ ಕೆಲಸ, ಮೊದಲು ಬರೆಯಬೇಕಾದ ಸಾಲುಗಳೇ ಅವು.

ಕಲಿಯಲು ಬೇಕಾದ್ದು ಬ್ರೌಸರ್ ಇರುವ ಲ್ಯಾಪ್‌ಟಾಪ್, ಒಂದು ಮೈಕು, ಕಾಲೇಜಿನ ಪ್ರೊಜೆಕ್ಟರ್. ತೊರವಿಯಲ್ಲಿ ನವರಸಪುರದ ನೆರೆಯಲ್ಲೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ, ನಗರದಲ್ಲಿ ಫ.ಗು. ಹಳಕಟ್ಟಿಯವರ ಹೆಸರಿನ ಎಂಜಿನಿಯರಿಂಗ್ ಕಾಲೇಜಿದೆ. ಕೋಡ್ ಕಲಿತ ಹುಡುಗಿಯರೂ ಹುಡುಗರೂ ಅಲ್ಲಿದ್ದಾರೆ. ತಾಳ ಬಲ್ಲವರು ಬಬಲೇಶ್ವರ, ತಿಕೋಟಾದ ಹಳ್ಳಿಗಳಲ್ಲಿ, ಭಜನಾ ಮೇಳಗಳಲ್ಲಿ, ಡೊಳ್ಳಿನ ಸಂಘಗಳಲ್ಲಿದ್ದಾರೆ. ಇವರಿಬ್ಬರೂ ಒಂದೇ ಕೋಣೆಯಲ್ಲಿ ಕೂತರೆ ಮೊದಲ ಸಂಜೆಯ ಪಾಠಕ್ಕೆ ಇಷ್ಟು ಸಾಕು: ಡೊಳ್ಳಿನವರು ನಿಧಾನಗತಿಯಲ್ಲಿ ಬಾರಿಸಲಿ, ಪರದೆಯ ಮೇಲೆ ಒಂದೇ ಚೌಕ ಇರಲಿ, ವಿದ್ಯಾರ್ಥಿ ಬೇರೆ ಏನೂ ಮಾಡದೆ ಪ್ರತಿ ಆವರ್ತನದ ಮೊದಲ ಪೆಟ್ಟಿಗೆ ಸರಿಯಾಗಿ ಕೀಲಿ ಒತ್ತುವುದನ್ನು ಕಲಿಯಲಿ. ತಪ್ಪಿದ್ದನ್ನು ಡೊಳ್ಳಿನವರೇ ಹೇಳಿಕೊಡುತ್ತಾರೆ.